ಸೂಜಿ ಇನ್ನೊಬ್ಬರ ಕೈಗೂ ಹೋಗಲಿ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಬ್ಬ ತಾಯಿ ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಡಯಾಬಿಟಿಸ್. ಗೊತ್ತಾಗಿ ಒಂದೂವರೆ ವರ್ಷ ಆಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಪೆನ್ನು, ಆರೇಳು ಸಲ ಬೆರಳು ಚುಚ್ಚಿ ಸಕ್ಕರೆ ನೋಡುವುದು, ರಾತ್ರಿ ಎರಡು ಗಂಟೆಗೆ ಎದ್ದು ಇನ್ನೊಮ್ಮೆ ನೋಡುವುದು, ಎಲ್ಲ ಇವರೊಬ್ಬರೇ. ಗಂಡನಿಗೆ ಸೂಜಿ ಕಂಡರೆ ಕೈ ನಡುಗುತ್ತದೆ, ಅವರು ಕತ್ತಲಾಗುವವರೆಗೆ ತೋಟದಲ್ಲೇ ಇರುತ್ತಾರೆ. ಅತ್ತೆಗೆ ಕಷಾಯದ ಮೇಲೆ ನಂಬಿಕೆ. ಹೆಣ್ಣು ಮಗು, ಹೊರಗೆ ಗೊತ್ತಾಗುವುದು ಬೇಡ ಎಂದು ಮನೆಯಲ್ಲಿ ಮಾತಾಗಿದೆ. ಕಳೆದ ತಿಂಗಳು ಹದಿಮೂರು ವರ್ಷದ ಮಗ ಕೇಳಿದನಂತೆ: "ನಂಗೂ ಸಕ್ಕರೆ ಕಾಯಿಲೆ ಬಂದ್ರೆ ನನ್ನ ಹತ್ರವೂ ಮಲಗ್ತೀಯಾ ಅಮ್ಮಾ?" ಇವರು ಅವನಿಗೆ ಹೊಡೆದುಬಿಟ್ಟರು. "ಅಕ್ಕಾ, ನಾನು ಕೆಟ್ಟ ತಾಯಿಯಾ?" ಎಂದು ಪತ್ರ ಮುಗಿದಿದೆ.

ಪ್ರೀತಿಯ ತಂಗಿ,

ಖಂಡಿತ ಅಲ್ಲ. ಒಂದೂವರೆ ವರ್ಷದಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆ ಕಾಣದ ತಾಯಿ ನೀವು. ಆ ಮಾತು ಕಿವಿಗೆ ಬಿದ್ದಾಗ ನಿಮ್ಮ ಜೀವ ಹಾರಿಹೋಗಿರಬೇಕು. ಮಗನಿಗೆ ಅದನ್ನೇ ಹೇಳಿ. "ನಿನ್ನ ಮೇಲೆ ಸಿಟ್ಟಿರ್ಲಿಲ್ಲ ಮಗಾ, ನಂಗೆ ಹೆದರಿಕೆ ಆಯ್ತು" ಅಂದರೆ ಸಾಕು. ಹದಿಮೂರು ವರ್ಷದವನಿಗೆ ಅಷ್ಟು ಅರ್ಥವಾಗುತ್ತದೆ.

ಅವನ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಪತ್ರ ಕೆಳಗಿಟ್ಟೆ. ನಾನೂ ಅದನ್ನೇ ಮನಸ್ಸಲ್ಲಿ ಕೇಳಿಕೊಂಡವಳು.

ಪೆರ್ಲದ ಹತ್ತಿರ ನಮ್ಮ ಮನೆ. ನನಗೆ ಹನ್ನೊಂದು, ತಂಗಿಗೆ ಐದು. ಒಂದು ಬೆಳಿಗ್ಗೆ ಅವಳ ಕಣ್ಣಿನ ರೆಪ್ಪೆ ಬಾತುಕೊಂಡಿತ್ತು. ವಾರದೊಳಗೆ ಮುಖ, ಕಾಲು, ಹೊಟ್ಟೆ ಎಲ್ಲ ಊದಿತು. ನೆಫ್ರೋಟಿಕ್ ಸಿಂಡ್ರೋಮ್ ಎಂದರು ಮಂಗಳೂರಿನ ಡಾಕ್ಟರು. ರಕ್ತದಲ್ಲಿ ಇರಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಸೀಕು. ಸ್ಟೀರಾಯ್ಡ್ ಮಾತ್ರೆ, ಉಪ್ಪು ಹಾಕದ ಗಂಜಿ. ದಿನಾ ಬೆಳಿಗ್ಗೆ ಅಮ್ಮ ಅವಳ ಮೂತ್ರವನ್ನು ಗಾಜಿನ ಕೊಳವೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದರು. ತಿಳಿಯಾಗಿ ಇದ್ದರೆ ಆ ದಿನ ಒಳ್ಳೆಯದು. ಒಡೆದ ಹಾಲಿನ ಹಾಗೆ ಬಿಳಿಬಿಳಿಯಾದರೆ ಪ್ರೋಟೀನು ಹೋಗುತ್ತಿದೆ ಎಂದು ಲೆಕ್ಕ. ಆವತ್ತು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ನಾನು ಕನ್ನಡಿ ಮುಂದೆ ನಿಂತು ಕೆನ್ನೆ ಉಬ್ಬಿಸಿ ನೋಡುತ್ತಿದ್ದೆ. ನನ್ನ ಮುಖವೂ ಊದಲಿ ಎಂಬ ಆಸೆ. ಒಮ್ಮೆ ಅಮ್ಮನ ಕಣ್ಣಿಗೆ ಬಿದ್ದೆ. ಅವರು ಬೈಯಲಿಲ್ಲ. ಮಾರನೇ ದಿನ ಕೊಳವೆ ಹಿಡಿಯುವ ಇಕ್ಕುಳವನ್ನು ನನ್ನ ಕೈಗೆ ಕೊಟ್ಟರು. ಹಳೇ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ "ಇಲ್ಲ", "ಸ್ವಲ್ಪ", "ಜಾಸ್ತಿ" ಎಂದು ಬರೆಯುವುದೂ ನನ್ನ ಕೆಲಸವಾಯಿತು. ದೀಪ ಉರಿಯುವ ಅಷ್ಟು ಹೊತ್ತು ಅಮ್ಮನ ಭುಜಕ್ಕೆ ನನ್ನ ಭುಜ ತಾಗಿರುತ್ತಿತ್ತು. ಆಮೇಲೆ ನಾನು ಕೆನ್ನೆ ಉಬ್ಬಿಸಿದ್ದು ನೆನಪಿಲ್ಲ.

ತಂಗಿ ದೊಡ್ಡವಳಾಗುತ್ತ ಗುಣವಾದಳು. ಆ ಸೀಕು ಹೆಚ್ಚಿನ ಮಕ್ಕಳನ್ನು ಹಾಗೆ ಬಿಟ್ಟುಹೋಗುತ್ತದೆ. ನಿಮ್ಮ ಮಗಳದ್ದು ಹಾಗೆ ಬಿಟ್ಟುಹೋಗುವುದಲ್ಲ, ಅದನ್ನು ಮುಚ್ಚಿಡದೆ ಹೇಳಬೇಕು. ದಿನಕ್ಕೆ ನಾಲ್ಕು ಸೂಜಿ ಅಂದರೆ ವರ್ಷಕ್ಕೆ 1,460. ಅವಳಿಗೆ ಹದಿನೆಂಟು ತುಂಬುವಾಗ 13 ಸಾವಿರ ದಾಟಿರುತ್ತದೆ. ಇಷ್ಟನ್ನೂ ನೀವೊಬ್ಬರೇ ಮಾಡಲಿಕ್ಕೆ ಆಗುವುದಿಲ್ಲ ತಂಗೀ. ನಿಮಗೆ ಜ್ವರ ಬಂದರೆ? ತವರಲ್ಲಿ ಯಾರಾದರೂ ತೀರಿಕೊಂಡು ಎರಡು ದಿನ ಹೋಗಬೇಕಾಗಿ ಬಂದರೆ? ಈ ವಾರವೇ ಆ ಪೆನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಹೋಗಬೇಕು. ಬೇರೆ ಮಾತೆಲ್ಲ ಇದರ ನಂತರ.

ಮೊದಲು ನಿಮ್ಮ ಯಜಮಾನರು. ಅವರಿಗೆ ಪ್ರೀತಿ ಕಡಿಮೆ ಎಂದು ನನಗೆ ಅನಿಸುವುದಿಲ್ಲ. ಮಗುವಿಗೆ ನೋಯಿಸುವ ಕೈ ತನ್ನದಾಗಬಾರದು ಎಂದು ಎಷ್ಟೋ ಅಪ್ಪಂದಿರು ತೋಟಕ್ಕೆ, ಅಂಗಡಿಗೆ, ಗಲ್ಫಿಗೆ ಓಡುತ್ತಾರೆ. ಪೆನ್ನಿನ ಸಣ್ಣ ಸೂಜಿ ಈಗ ಬರೇ 4 ಮಿಲಿಮೀಟರ್. ಮೊದಲು ಒಂದು ಮೂಸಂಬಿಗೆ ಚುಚ್ಚಿ ಅಭ್ಯಾಸ ಮಾಡಲಿ. ಆಮೇಲೆ ಮಗಳೇ ಕಲಿಸಲಿ. ನಿನ್ನೆ ಹೊಟ್ಟೆಯ ಯಾವ ಬದಿ, ಇವತ್ತು ಯಾವ ತೊಡೆ, ಒತ್ತಿ ಹತ್ತು ಎಣಿಸಿ ತೆಗೆಯಬೇಕು, ಇದೆಲ್ಲ ಅವಳಿಗೆ ಬಾಯಿಪಾಠ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಅಪ್ಪನಿಗೆ ಪಾಠ ಹೇಳುವುದು ಅವಳಿಗೂ ಖುಷಿಯೇ. ವಾರಕ್ಕೆ ಎರಡು ದಿನ ರಾತ್ರಿ ಎರಡು ಗಂಟೆಗೆ ಎದ್ದು ನೋಡುವುದು ಅವರ ಪಾಲಿಗಿರಲಿ. ಆ ದಿನ ನೀವು ಬೇರೆ ಕೋಣೆಯಲ್ಲಿ ಮಲಗಿ. ಅಲಾರಾಂ ಕೇಳಿದರೂ ಏಳಬೇಡಿ.

ಇನ್ನು ನಿಮ್ಮ ಅತ್ತೆಯ ಕಷಾಯ. ಕಳೆದ ವರ್ಷ ಕಷಾಯ ಶುರು ಮಾಡಿದ ಮೇಲೆ ಇನ್ಸುಲಿನ್ ಅರ್ಧಕ್ಕೆ ಇಳಿಯಿತು, ನಾಲ್ಕು ತಿಂಗಳಾದ ಮೇಲೆ ಮತ್ತೆ ಏರಿತು, ನೀವು ಕಷಾಯ ಸರಿಯಾಗಿ ಕೊಡದ್ದಕ್ಕೆ ಹೀಗಾಯಿತು ಎಂದು ಅತ್ತೆ ಹೇಳುತ್ತಾರೆ ಎಂದಿದ್ದೀರಿ. ಇದು ಓದಿ ನನಗೆ ತುಂಬ ಬೇಸರವಾಯಿತು, ಯಾಕೆಂದರೆ ಇದರಲ್ಲಿ ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ. ಈ ಕಾಯಿಲೆಯಲ್ಲಿ ನಮ್ಮ ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ಕೊಲ್ಲುತ್ತದೆ. ಹೊರಗಿನಿಂದ ಇನ್ಸುಲಿನ್ ಸಿಕ್ಕಿದಾಗ ಉಳಿದ ಅಷ್ಟಿಷ್ಟು ಕಣಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಕೆಲವು ತಿಂಗಳು ಮದ್ದು ಕಡಿಮೆ ಸಾಕಾಗುತ್ತದೆ. ಡಾಕ್ಟರುಗಳು ಇದಕ್ಕೆ ಹನಿಮೂನ್ ಅವಧಿ ಎನ್ನುತ್ತಾರೆ. ಕಷಾಯ ಕುಡಿದ ಮಕ್ಕಳಲ್ಲೂ ಕುಡಿಯದ ಮಕ್ಕಳಲ್ಲೂ ಇದು ಕಾಣುತ್ತದೆ. ಆಮೇಲೆ ಆ ಕಣಗಳೂ ಹೋಗುತ್ತವೆ. ಎಷ್ಟೋ ಮನೆಗಳು ಈ ತಿಂಗಳುಗಳಲ್ಲೇ ಮೋಸ ಹೋಗುವುದು. ಗುಣವಾಯಿತು ಎಂದು ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತ ಆಮ್ಲವಾಗಿ ಮಗುವಿನ ಜೀವಕ್ಕೆ ಕುತ್ತು ಬರಬಹುದು.

ಅತ್ತೆಗೆ ಒಂದು ಕಥೆ ಹೇಳಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ ಸಾಯುವ ಸ್ಥಿತಿಯಲ್ಲಿದ್ದ. ಅವನಿಗೇ ಮೊದಲು ಇನ್ಸುಲಿನ್ ಕೊಟ್ಟದ್ದು. ಮೊದಲ ಸೂಜಿ ಹಿಡಿಯಲಿಲ್ಲ. ಶುದ್ಧ ಮಾಡಿ ಹನ್ನೆರಡು ದಿನ ಬಿಟ್ಟು ಮತ್ತೆ ಕೊಟ್ಟರು, ಹುಡುಗ ಚೇತರಿಸಿಕೊಂಡ. ಅದಕ್ಕೆ ಮುಂಚೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ನಾಲ್ಕು ದಿನ ಜಾಸ್ತಿ ಉಳಿಸುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ದೈವಕ್ಕೆ ಹರಕೆ ಹೇಳಿಕೊಳ್ಳಲಿ, ಜೋಯಿಸರಲ್ಲಿ ಪ್ರಶ್ನೆ ಇಡಿಸಲಿ, ಅದರಿಂದ ಅವರಿಗೆ ಧೈರ್ಯ ಬರುತ್ತದೆ. ಸೂಜಿ ಮಾತ್ರ ಒಂದು ಹೊತ್ತೂ ತಪ್ಪಬಾರದು. ಮತ್ತೆ, ಅತ್ತೆಯನ್ನು ದೂರ ಇಡಬೇಡಿ. ಅಡುಗೆ ಅವರ ಕೈಯಲ್ಲಿದೆ ಅಲ್ವಾ? ನೀರುದೋಸೆ ಎಷ್ಟು, ಕುಚ್ಚಲಕ್ಕಿ ಅನ್ನ ಎಷ್ಟು ಸೌಟು, ಹಲಸಿನ ಸೊಳೆ ಎಷ್ಟು ಎಂದು ಎಣಿಸಿ ಬಡಿಸುವ ಕೆಲಸ ಅವರಿಗೆ ಕೊಡಿ. ಡಾಕ್ಟರ ಹತ್ತಿರ ಹೋಗುವಾಗ ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ.

ಮುಚ್ಚಿಡುವ ವಿಷಯದಲ್ಲಿ ನಾನು ನಿಮ್ಮ ಮನೆಯವರ ಮಾತನ್ನು ಒಪ್ಪುವುದಿಲ್ಲ. ಮದುವೆಯ ಚಿಂತೆಗೆ ಇನ್ನೂ ಹದಿನೈದು ವರ್ಷ ಇದೆ. ನಾಳೆ ಶಾಲೆಯಲ್ಲಿ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅವಳ ಪಕ್ಕ ಕೂತ ಹುಡುಗಿಗೂ ಗೊತ್ತಿಲ್ಲದಿದ್ದರೆ ಏನು ಗತಿ? ಹೊಸ ಟೀಚರಿಗೆ ಕನ್ನಡ ಬರುವುದಿಲ್ಲ, ಹೇಗೆ ಹೇಳುವುದು ಎಂದು ಕೇಳಿದ್ದೀರಿ. ಒಂದು ರಟ್ಟಿನ ಮೇಲೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಕೊಡಿ: ಕೈ ನಡುಗಿದರೆ, ಬೆವರಿದರೆ, ಮಂಕಾಗಿ ಕೂತರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಲಯಾಳದಲ್ಲಿ ಬರೆಯುವವರು ಯಾರು? ನಿಮ್ಮ ಮಗ. ಅವನು ಶಾಲೆಯಲ್ಲಿ ಮಲಯಾಳ ಚೆನ್ನಾಗಿ ಕಲಿಯುತ್ತಿದ್ದಾನೆ ಎಂದು ಬರೆದಿದ್ದೀರಿ. ಕೇರಳ ಸಾಮಾಜಿಕ ಭದ್ರತಾ ಮಿಷನ್ನಿನ "ಮಿಠಾಯಿ" ಯೋಜನೆಯಲ್ಲಿ ಟೈಪ್ 1 ಇರುವ ಮಕ್ಕಳಿಗೆ ಇನ್ಸುಲಿನ್ ಉಚಿತವಾಗಿ ಸಿಗುತ್ತದೆ. ಆ ಅರ್ಜಿಯನ್ನೂ ಅವನು ಓದಿ ಹೇಳಲಿ, ನೀವು ಪಕ್ಕದಲ್ಲಿ ಕೂತು ತುಂಬಿಸಿ. ತಿಳಿಯದ್ದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಆದರೆ ರಾತ್ರಿ ಎದ್ದು ನೋಡುವ ಭಾರ ಅವನಿಗೆ ಬೇಡ. ಅದು ದೊಡ್ಡವರದು. ವಾರಕ್ಕೆ ಒಂದು ಸಂಜೆ ಅವನೊಬ್ಬನನ್ನೇ ಕರೆದುಕೊಂಡು ಪೇಟೆಗೆ ಹೋಗಿ. ಆ ಹೊತ್ತು ಸಕ್ಕರೆಯ ಮಾತು ಎತ್ತಬೇಡಿ.

ಎಣ್ಮಕಜೆಯ ಕಡೆ ಗೇರುತೋಟದ ಪಕ್ಕದ ಮನೆಗಳು ನಿಮಗೆ ಗೊತ್ತು. ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು 2000ದ ಕೊನೆಗೆ ನಿಂತಿತು. ಆ ವಿಷದಿಂದ ನಲುಗಿದ ಮಕ್ಕಳನ್ನು ಎತ್ತಿಕೊಂಡೇ ದಿನ ಕಳೆಯುವ ತಾಯಂದಿರು ಅಲ್ಲಿ ಈಗಲೂ ಇದ್ದಾರೆ. ಇಂಥ ತಾಯಂದಿರು 2019ರಲ್ಲಿ ತಿರುವನಂತಪುರದ ಸೆಕ್ರೆಟೇರಿಯೆಟ್ ಮುಂದೆ ಮಕ್ಕಳ ಜೊತೆ ಸತ್ಯಾಗ್ರಹ ಕೂತರು. ನಮ್ಮ ಜಿಲ್ಲೆಯಲ್ಲಿ ವಿಶೇಷ ಮಕ್ಕಳ ಬಡ್ಸ್ ಶಾಲೆಗಳು ಬಂದ ಮೇಲೆ ಅಂಥ ಒಬ್ಬ ತಾಯಿ ನನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಇವನನ್ನು ಅಲ್ಲಿ ಬಿಟ್ಟು ಬಂದು ಮೊದಲನೇ ದಿನ ನಾನು ಬಾಗಿಲು ಹಾಕಿ ತಲೆಗೆ ಎಣ್ಣೆ ಹಾಕಿ ಮಿಂದೆ ಅಕ್ಕಾ. ಆರು ವರ್ಷ ಆಗಿತ್ತು." ಮಕ್ಕಳನ್ನು ಒಳಗೆ ಇಟ್ಟುಕೊಂಡು ಕೂತಿದ್ದರೆ ಅವರಿಗೆ ಆ ಮೀಯುವ ಹೊತ್ತು ಸಿಗುತ್ತಿತ್ತಾ?

ಇನ್ನೊಂದು ಮಾತು, ಗಡಿಯಲ್ಲಿ ಇರುವವರು ನಾವು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಮಂಗಳೂರಿನ ಮದ್ದನ್ನೇ ನಂಬಿದ್ದ ಮನೆಗಳು ಎಷ್ಟು ಒದ್ದಾಡಿದವು ಎಂದು ನೀವೂ ನೋಡಿದ್ದೀರಿ. ಒಂದು ತಿಂಗಳ ಇನ್ಸುಲಿನ್ ಮನೆಯಲ್ಲಿ ಜಾಸ್ತಿ ಇರಲಿ. ಫ್ರಿಜ್ಜಿನ ಬಾಗಿಲಿನ ಕಡೆ ಇಡಿ, ಐಸ್ ಕಟ್ಟುವಲ್ಲಿ ಬೇಡ. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೆ ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಮಡಕೆಯೊಳಗೆ ಇಟ್ಟರೆ ಆಗುತ್ತದೆ. ಪ್ರಮಾಣ ಏರಿಸುವುದು, ಇಳಿಸುವುದು ಏನಿದ್ದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ.

ಈ ಪುಟವನ್ನು ಯಜಮಾನರಿಗೆ ಓದಲಿಕ್ಕೆ ಕೊಡಿ. ಬಾಯಲ್ಲಿ ಹೇಳಲಿಕ್ಕೆ ಕಷ್ಟವಾದರೆ ಊಟದ ಮೇಜಿನ ಮೇಲೆ ಇಟ್ಟು ಸುಮ್ನೆ ಒಳಗೆ ಹೋಗಿ. ಮೂಸಂಬಿಯನ್ನೂ ಪಕ್ಕದಲ್ಲೇ ಇಡಿ. ಅವರು ಮೊದಲ ಸಲ ಸೂಜಿ ಹಾಕಿದ ದಿನ ನನಗೆ ಒಂದು ಕಾರ್ಡು ಬರೆಯಿರಿ. ಮಗಳು ಏನಂದಳು ಎಂದೂ ಬರೆಯಿರಿ.

ನಿಮ್ಮ
ಸಂಪಾದಕಿ