ಗೆಳೆಯರ ಫೋಟೊ ಬಗ್ಗೆ ಏನು ಹೇಳಬೇಕು, ಹೇಗೆ ಹೇಳಬೇಕು?

ಪ್ರಶ್ನೆ: ನಮ್ಮದು ಹವ್ಯಾಸಿ ಛಾಯಾಗ್ರಾಹಕರ ಸಣ್ಣ ಬಳಗ. ಒಬ್ಬರ ಫೋಟೊ ಇನ್ನೊಬ್ಬರಿಗೆ ತೋರಿಸುತ್ತೇವೆ. ‘ಸೂಪರ್’, ‘ಚೆನ್ನಾಗಿದೆ’ ಬಿಟ್ಟರೆ ನನಗೆ ಬೇರೆ ಮಾತೇ ಹೊಳೆಯುವುದಿಲ್ಲ. ಉಪಯೋಗಕ್ಕೆ ಬರುವ ಹಾಗೆ ಅಭಿಪ್ರಾಯ ಹೇಳುವುದು ಹೇಗೆ?

ಮಾತು ಹೊಳೆಯದಿರುವುದು ಹೆಚ್ಚಾಗಿ ಅವಸರದಲ್ಲಿ ನೋಡುವುದರಿಂದ. ಒಂದು ಫೋಟೊಗೆ ಒಂದು ನಿಮಿಷವಾದರೂ ಕೊಡಿ. ಮೊದಲು ಅದನ್ನು ಬೆಂಕಿಪೆಟ್ಟಿಗೆ ಗಾತ್ರಕ್ಕೆ ಚಿಕ್ಕದು ಮಾಡಿ. ವಿವರಗಳೆಲ್ಲ ಅಡಗಿ ನೆರಳು–ಬೆಳಕಿನ ಹಂಚಿಕೆ ಮಾತ್ರ ಉಳಿಯುತ್ತದೆ. ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ. ಆಮೇಲೆ ಪೂರ್ತಿ ಪರದೆಯಲ್ಲಿ ತೆರೆದು ನಾಲ್ಕೂ ಅಂಚು ನೋಡಿ. ವ್ಯಕ್ತಿಯ ತಲೆಯ ಹಿಂದೆ ಏನಿದೆ ಅಂತಲೂ ನೋಡಿ. ಶೇ 100ಕ್ಕೆ ಹಿಗ್ಗಿಸುವುದು ಕೊನೆಗೆ. ಮೊದಲೇ ಹಿಗ್ಗಿಸಿದವರಿಗೆ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಕಾಣುತ್ತದೆ, ಚಿತ್ರ ಕಾಣುವುದಿಲ್ಲ.

ಬಾಯಿ ತೆರೆಯುವ ಮುನ್ನ ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಏನು ತೋರಿಸಬೇಕು ಅಂತಿದ್ರಿ?’ ಮಂಜಿನ ಮಬ್ಬನ್ನೇ ಹಿಡಿಯಲು ಹೊರಟವರಿಗೆ ‘ಕಾಂಟ್ರಾಸ್ಟ್ ಸಾಲದು’ ಅನ್ನುವ ಮುಜುಗರ ತಪ್ಪುತ್ತದೆ.

ಹೇಳುವಾಗ ಚೌಕಟ್ಟಿನ ಯಾವ ಜಾಗ, ಅಲ್ಲಿ ಏನಾಗಿದೆ, ಏನು ಮಾಡಬಹುದು ಎಂಬ ಮೂರೂ ಇರಲಿ. ಕಿಟಕಿ ಪಕ್ಕ ಕುಳಿತ ಅಜ್ಜಿಯೊಬ್ಬರ ಫೋಟೊ ಎಂದುಕೊಳ್ಳಿ. ‘ಬ್ಯಾಕ್‌ಗ್ರೌಂಡ್ ಸರಿಯಿಲ್ಲ’ ಎಂದರೆ ತೆಗೆದವರಿಗೆ ಏನೂ ದಕ್ಕುವುದಿಲ್ಲ. ಬದಲಿಗೆ ಹೀಗೆ ಹೇಳಬಹುದು: ‘ಬೆಳಕು ಓರೆಯಾಗಿ ಬಿದ್ದು ಕೆನ್ನೆಯ ಸುಕ್ಕುಗಳು ಎದ್ದು ಕಾಣ್ತಿವೆ, ಚಿತ್ರ ನಿಂತಿರೋದೇ ಅದರ ಮೇಲೆ. ಆದರೆ ಹಿಂದೆ ಬಲಮೂಲೆಯಲ್ಲಿರೋ ಬಿಳಿ ಬಕೆಟ್ ಮುಖಕ್ಕಿಂತ ಹೆಚ್ಚು ಹೊಳೀತಿದೆ, ಕಣ್ಣು ಅಲ್ಲಿಗೇ ಹೋಗುತ್ತೆ. ಈಗ ಬಲಗಡೆಯಿಂದ ಸ್ವಲ್ಪ ಕ್ರಾಪ್ ಮಾಡಿ ನೋಡಿ. ತೆಗೆಯುವಾಗಲೇ ಒಂದು ಹೆಜ್ಜೆ ಬಲಕ್ಕೆ ಸರಿದು ಅಜ್ಜಿಯತ್ತ ಕ್ಯಾಮೆರಾ ತಿರುಗಿಸಿದ್ದರೆ ಬಕೆಟ್ ಹೊರಗೆ ಹೋಗ್ತಿತ್ತು.’

ಇಲ್ಲಿ ಈಗ ಎಡಿಟಿಂಗ್‌ನಲ್ಲಿ ಸರಿಹೋಗುವುದು ಬೇರೆ, ಮುಂದಿನ ಸಲ ತೆಗೆಯುವಾಗ ಮಾತ್ರ ಸರಿಮಾಡಬಹುದಾದ್ದು ಬೇರೆ ಎಂದು ಬಿಡಿಸಿ ಹೇಳಿದ್ದನ್ನು ಗಮನಿಸಿ. ಮೂರನೆಯದೊಂದಿದೆ, ಬರೀ ನಿಮ್ಮ ರುಚಿ. ಅದನ್ನು ‘ನನಗಾದರೆ ಕಪ್ಪು–ಬಿಳುಪು ಇಷ್ಟವಾಗುತ್ತಿತ್ತು’ ಎಂದು ರುಚಿಯಾಗಿಯೇ ಹೇಳಿ. ‘ಮೂರನೇ ಒಂದರ ನಿಯಮ ಪಾಲಿಸಿಲ್ಲ’ ಎಂಬ ಟೀಕೆಯನ್ನಂತೂ ಬಿಟ್ಟುಬಿಡುವುದು ಒಳ್ಳೆಯದು (ಮುಖ್ಯ ವಸ್ತು ನಡುವೆ ಬೇಡ, ಚೌಕಟ್ಟನ್ನು ಮೂರು ಭಾಗ ಮಾಡುವ ಗೆರೆಯ ಮೇಲಿರಲಿ ಎಂಬುದು ಆ ನಿಯಮ). ಕೆರೆಯಲ್ಲಿ ಬಿಂಬ ಮೂಡಿದ ಬೆಟ್ಟಕ್ಕೆ ಚೌಕಟ್ಟಿನ ನಡುವೆ ನೀರಿನ ಗೆರೆ ಹಾಯುವುದೇ ಚೆಂದ.

ದೋಷ ಎಷ್ಟೇ ಕಂಡರೂ ಒಂದು ಫೋಟೊಗೆ ಎರಡಕ್ಕಿಂತ ಹೆಚ್ಚು ಹೇಳಬೇಡಿ. ಮೊದಲ ಎರಡು ಸರಿಹೋದರೆ ಉಳಿದವು ಎಷ್ಟೋ ಸಲ ತಾವಾಗಿಯೇ ಕಡಿಮೆಯಾಗುತ್ತವೆ.

ಪ್ರಶ್ನೆ: ‘ಶಾರ್ಪ್ ಇಲ್ಲ’ ಎಂದರೆ ‘ಯಾಕೆ?’ ಎಂದು ಕೇಳುತ್ತಾರೆ. ಕಾರಣ ಗುರುತಿಸುವುದು ಹೇಗೆ?

ಚಿತ್ರವನ್ನು ಹಿಗ್ಗಿಸಿ, ಎಲ್ಲಾದರೂ ಒಂದು ಕಡೆ ಸ್ಪಷ್ಟವಾಗಿದೆಯೇ ಎಂದು ಹುಡುಕಿ. ಸುಳಿವು ಅಲ್ಲೇ ಇರುತ್ತದೆ.

ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗಿದ್ದರೆ ಫೋಕಸ್ ಹಿಂದೆ ಬಿದ್ದಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ಸೆನ್ಸರ್ 35 ಎಂಎಂ ಫಿಲ್ಮ್‌ನಷ್ಟು ದೊಡ್ಡದಿರುವುದು) 85 ಎಂಎಂ ಲೆನ್ಸನ್ನು ಎಫ್/1.8ಕ್ಕೆ (ಈ ಸಂಖ್ಯೆ ಚಿಕ್ಕದಾದಷ್ಟು ಲೆನ್ಸಿನ ಕಿಂಡಿ ದೊಡ್ಡದು) ತೆರೆದು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿರುವ ಪಟ್ಟಿ ಸುಮಾರು 3 ಸೆಂ.ಮೀ. ಮಾತ್ರ, ಕಣ್ಣು–ಕಿವಿ ಎರಡೂ ಅದರೊಳಗೆ ಹಿಡಿಸುವುದಿಲ್ಲ. ಹತ್ತಿರದ ಕಣ್ಣಿನ ಮೇಲೇ ಫೋಕಸ್ ಪಾಯಿಂಟ್ ಇಡಲು ಹೇಳಿ, ಇಲ್ಲವೇ ಎಫ್/4ಕ್ಕೆ ಹೋಗಲು ಹೇಳಿ. ಆಗ ಆ ಪಟ್ಟಿ ಏಳು ಸೆಂ.ಮೀ. ದಾಟುತ್ತದೆ.

ಹಿಂದಿನ ಗೋಡೆ ಸ್ಪಷ್ಟ, ಮಗುವಿನ ಕೈ ಮಾತ್ರ ಕಲಸಿದಂತಿದ್ದರೆ ಚಲನೆಗೆ ಶಟರ್ ಸ್ಪೀಡ್ ಸಾಲದಾಗಿದೆ. ನಡೆಯುವವರಿಗೆ 1/250 ಸೆಕೆಂಡ್, ಓಡುವ ಮಕ್ಕಳಿಗೆ 1/500ರಿಂದ 1/1000, ಹಾರುವ ಹಕ್ಕಿಗೆ 1/2000ದ ಆಸುಪಾಸು ಬೇಕು. ‘ನನ್ನ ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ’ ಎನ್ನುವವರಿದ್ದಾರೆ. ಅದು ತಡೆಯುವುದು ತೆಗೆಯುವವರ ಕೈನಡುಕವನ್ನು, ಎದುರಿಗಿರುವವರ ಓಟವನ್ನಲ್ಲ.

ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದು, ಬೆಳಕಿನ ಚುಕ್ಕೆಗಳು ಸಣ್ಣ ಗೀರುಗಳಾಗಿದ್ದರೆ ಕ್ಯಾಮೆರಾ ಅಲುಗಿದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಸ್ಪೀಡ್ ಲೆನ್ಸಿನ ಎಂಎಂ ಸಂಖ್ಯೆಗಿಂತ, ಅಂದರೆ ಫೋಕಲ್ ಲೆಂಗ್ತ್‌ಗಿಂತ ಕೆಳಗಿಳಿಯಬಾರದು ಎಂಬ ಹಳೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: 200 ಎಂಎಂಗೆ 1/200. ಸೆನ್ಸರ್ ಫುಲ್‌ಫ್ರೇಮ್‌ಗಿಂತ ಒಂದೂವರೆ ಪಟ್ಟು ಚಿಕ್ಕದಾದ 1.5 ಕ್ರಾಪ್‌ನದಾದರೆ 1/300 ಆಗುತ್ತದೆ, ಹಾಗಾಗಿ ಕ್ಯಾಮೆರಾದಲ್ಲಿ ಅದಕ್ಕೆ ಹತ್ತಿರದ 1/320 ಇಡಬೇಕು. ಅವರ ಸೆಟ್ಟಿಂಗ್ 1/80, ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆಯಾದ ಐಎಸ್‌ಒ 400 ಇದ್ದರೆ ‘ಐಎಸ್‌ಒ 1600ಕ್ಕೆ ಏರಿಸಿದ್ದರೆ ಅದೇ ಬೆಳಕಲ್ಲಿ 1/320 ಸಿಗುತ್ತಿತ್ತು’ ಎಂದು ಹೇಳಬಹುದು. ‘ಕೈ ಅಲುಗಿಸಬೇಡಿ’ ಎಂಬ ಉಪದೇಶಕ್ಕಿಂತ ಇದು ಮೇಲು. ಸ್ವಲ್ಪ ನಾಯ್ಸ್ ಇದ್ದರೂ ಚಿತ್ರ ಉಳಿಯುತ್ತದೆ. ಅಲುಗಿದ್ದನ್ನು ಸರಿಪಡಿಸುವುದು ಕಷ್ಟ.

ಎಲ್ಲೂ ಸ್ಪಷ್ಟವಿಲ್ಲ, ದಿಕ್ಕೂ ಇಲ್ಲ, ದೀಪಗಳ ಸುತ್ತ ಮಂಕು ಹರಡಿದೆ ಎಂದರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಕೂತಿರಬಹುದು, ಮುಖ್ಯವಾಗಿ ಮೊಬೈಲ್ ಫೋಟೊಗಳಲ್ಲಿ. ಮೆಸೇಜಿಂಗ್ ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೊ ನೋಡಿ ಶಾರ್ಪ್‌ನೆಸ್ ಬಗ್ಗೆ ತೀರ್ಪು ಕೊಡಬೇಡಿ. ಡಾಕ್ಯುಮೆಂಟ್ ಆಗಿ ಮೂಲ ಫೈಲ್ ಕಳಿಸಲು ಹೇಳಿ. ಶಟರ್ ಸ್ಪೀಡ್, ಐಎಸ್‌ಒ ಮಾಹಿತಿ ಉಳಿದಿರುವುದೂ ಅದರಲ್ಲೇ.

ಪ್ರಶ್ನೆ: ನನಗೆ ಕತ್ತಲೆಯಾಗಿ ಕಂಡ ಫೋಟೊ ಬೇರೆಯವರಿಗೆ ಸರಿಯಾಗೇ ಕಾಣುತ್ತದೆ. ಯಾರ ಮಾತು ನಂಬಬೇಕು?

ಹಿಸ್ಟೋಗ್ರಾಂ ಮಾತು. ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಬರುವಂತೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ ಅದು. ಪರದೆಯ ಬೆಳಕನ್ನು ಒಬ್ಬೊಬ್ಬರು ಒಂದೊಂದು ಮಟ್ಟಕ್ಕೆ ಇಟ್ಟಿರುತ್ತಾರೆ, ಮೊಬೈಲ್‌ನಲ್ಲಿ ಅದು ತಾನಾಗಿಯೇ ಬದಲಾಗುತ್ತದೆ. ಸಂಜೆಯ ಮೇಲೆ ನೈಟ್ ಮೋಡ್ ಇಡೀ ಚಿತ್ರಕ್ಕೆ ಹಳದಿ ಬಳಿಯುತ್ತದೆ. ಬಣ್ಣದ ಮಾತಾಡುವ ಮುನ್ನ ಅದನ್ನು ಆಫ್ ಮಾಡಿ.

ಹಿಸ್ಟೋಗ್ರಾಂನ ಗುಡ್ಡೆ ಪೂರ್ತಿ ಎಡಕ್ಕೆ ಒತ್ತಿದ್ದು, ತೆಗೆದವರ ಉದ್ದೇಶ ಕತ್ತಲೆಯಲ್ಲದಿದ್ದರೆ ‘ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಏರಿಸಿ ನೋಡಿ’ ಎನ್ನಬಹುದು (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ). ಬಲ ಅಂಚಿಗೆ ಬಡಿದು ನಿಂತಿದ್ದರೆ ಬಿಳಿ ಅಂಗಿಯ ನೆರಿಗೆ, ಮೋಡದ ಅಂಚು ಉಳಿದಿವೆಯೇ ನೋಡಿ. ಜೆಪೆಗ್‌ನಲ್ಲಿ ಒಮ್ಮೆ ಸುಟ್ಟ ಬಿಳುಪಿನಲ್ಲಿ ವಿವರ ಮರಳಿ ಬರುವುದಿಲ್ಲ. ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲ್ ಇದ್ದರೆ ಸ್ವಲ್ಪ ಮಟ್ಟಿಗೆ ಆಸೆ ಉಂಟು. ಬಣ್ಣ ಸಪ್ಪೆಯಾಗಿದೆ ಅನಿಸಿದರೆ ಅಡೋಬಿ ಆರ್‌ಜಿಬಿಯಲ್ಲಿ ಸೇವ್ ಮಾಡಿದ್ದಾರೆಯೇ ಎಂದು ಮೊದಲು ಕೇಳಿ; ಅದು ಮತ್ತು ಎಸ್‌ಆರ್‌ಜಿಬಿ ಬಣ್ಣಗಳನ್ನು ಉಳಿಸುವ ಎರಡು ಬಗೆ, ಎರಡನೆಯದು ಸಾಮಾನ್ಯ ಪರದೆಗಳಿಗೆ ಹೊಂದುತ್ತದೆ. ಎಸ್‌ಆರ್‌ಜಿಬಿಗೆ ಬದಲಿಸಿ ಮತ್ತೆ ಕಳಿಸಿದರೆ ಅಷ್ಟಕ್ಕೇ ಸರಿಹೋಗಬಹುದು.

ಪ್ರಶ್ನೆ: ‘ಮುಲಾಜಿಲ್ಲದೆ ಹೇಳಿ’ ಅನ್ನುತ್ತಾರೆ, ಹೇಳಿದರೆ ವಾದಕ್ಕಿಳಿಯುತ್ತಾರೆ.

ಮುಲಾಜಿಲ್ಲದೆ ಎಂದರೂ ಫೋಟೊ ಬಗ್ಗೆ ಮಾತಾಡಿ, ತೆಗೆದವರ ಬಗ್ಗೆ ಬೇಡ. ‘ನೀವು ಹೊರೈಜನ್ ನೋಡೋದೇ ಇಲ್ಲ’ ಎಂಬುದು ಜಗಳಕ್ಕೆ ದಾರಿ. ‘ನೀರಿನ ಗೆರೆ ಬಲಕ್ಕೆ ಇಳಿದಿದೆ’ ಎಂಬುದನ್ನು ಅವರೇ ನೋಡಿ ಖಚಿತ ಮಾಡಿಕೊಳ್ಳಬಹುದು. ಅಷ್ಟಾದರೂ ವಾದ ಮಾಡಿದರೆ ಒಂದು ಸಲ ವಿವರಿಸಿ ಬಿಟ್ಟುಬಿಡಿ.

ಪ್ರಶ್ನೆ: ಹೇಳುವ ಬದಲು ನಾನೇ ಎಡಿಟ್ ಮಾಡಿ ತೋರಿಸಬಹುದೇ?

ಕೇಳಿ ಮಾಡಿ. ಒಪ್ಪಿದರೆ ಮೂಲ ಚಿತ್ರವನ್ನೂ ಪಕ್ಕದಲ್ಲಿಟ್ಟು, ಏನೇನು ಬದಲಿಸಿದಿರಿ ಎಂದು ಬರೆದೇ ಕಳಿಸಿ. ನೀವು ಬದಲಿಸಿದ ಪ್ರತಿಯನ್ನು ಬೇರೆಯವರಿಗೆ ಕಳಿಸಕೂಡದು. ಕ್ರಾಪ್ ಮಾಡಿ ತೋರಿಸುವಾಗ ಪಿಕ್ಸೆಲ್ ಲೆಕ್ಕ ನೆನಪಿರಲಿ: ಉದ್ದ, ಅಗಲ ಎರಡನ್ನೂ ಅರ್ಧ ಮಾಡಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 6. ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಅದು 10 ಇಂಚು ಅಗಲಕ್ಕೆ ಮುಗಿಯುತ್ತದೆ. ದೊಡ್ಡ ಪ್ರಿಂಟ್ ಹಾಕಿಸುವ ಯೋಚನೆ ಅವರಿಗಿದ್ದರೆ ಅಷ್ಟು ಬಿಗಿಯಾದ ಕ್ರಾಪ್ ಸೂಚಿಸಬೇಡಿ. ಹತ್ತಿರ ಹೋಗಿ ಇನ್ನೊಮ್ಮೆ ತೆಗೆಯಲು ಹೇಳಿ.