ಕಣ್ಣಿನ ಕ್ಲಿನಿಕ್‌ನಲ್ಲಿ ಟೆಕ್ನಿಷಿಯನ್ ಕೆಲಸ ಅಂದ್ರೆ ಬರೀ ಅಕ್ಷರ ಓದಿಸೋದಾ?

ತಂಗಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ಈ ಕೋರ್ಸಿಗೆ ಹಾಕಬಹುದಾ, ಬೋರ್ಡ್ ಓದಿಸೋದು ಬಿಟ್ಟು ಇದರಲ್ಲಿ ಏನಿದೆ ಅಂತ ಕೇಳಿದ್ದೀರಿ. ನಾನು ಸಿಂಧನೂರಿನಲ್ಲಿ ಇದೇ ಕೆಲಸದಲ್ಲಿದ್ದೀನಿ.

ಮೊದಲನೇದಾಗಿ, ಓದಿಸೋದೇ ಹಗುರ ಅಲ್ಲ. ಒಂದು ಕಣ್ಣು ಮುಚ್ಚಿ ಅಂದ್ರೆ ಬೆರಳ ಸಂದಿಯಿಂದ ನೋಡ್ತಾರೆ. ಲೈಸೆನ್ಸಿಗೆ ಸರ್ಟಿಫಿಕೇಟ್ ಬೇಕಾದವರಂತೂ ಹಿಂದಿನವರು ಓದಿದ್ದನ್ನ ಬೆಂಚಲ್ಲೇ ಬಾಯಿಪಾಠ ಮಾಡ್ಕೊಂಡು ಬರ್ತಾರೆ! ಓದು ಬಾರದವರಿಗೆ ಇಂಗ್ಲಿಷಿನ 'E' ಅಕ್ಷರವನ್ನ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟ್ ಇದೆ: “ತಾತ, ಇದರ ಕಾಲು ಯಾವ ಕಡೆ ಐತಿ, ಕೈಲಿ ತೋರ್ಸು.” ಇಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಿಗೆ ಕ್ಯಾಂಪು ಅಂತಾರೆ; ಅಲ್ಲಿಂದ ಬರೋರಿಗೆ ಇದನ್ನೇ ತೆಲುಗಲ್ಲಿ ಹೇಳಬೇಕು. ನಿರಾಶ್ರಿತರಿಗೆ ಮಾಡಿದ ಆರ್‌ಎಚ್ ಕ್ಯಾಂಪ್‌ನ ಬಂಗಾಳಿ ಅಜ್ಜಿಯರ ಜತೆ ಕೈಸನ್ನೆಯೇ ಜಾಸ್ತಿ.

ನನ್ನ ಕೇಳಿದ್ರೆ, ಕೆಲಸ ಗೊತ್ತಿದೆಯೋ ಇಲ್ಲವೋ ಅನ್ನೋದು ತಿಳಿಯೋದು ಎ-ಸ್ಕ್ಯಾನ್‌ನಲ್ಲಿ, ಅಂದ್ರೆ ಅಲ್ಟ್ರಾಸೌಂಡ್‌ನಿಂದ ಕಣ್ಣಿನ ಉದ್ದ ಅಳೆಯೋದ್ರಲ್ಲಿ. ಪೊರೆ ಆಪರೇಷನ್‌ನಲ್ಲಿ ಹಾಕೋ ಲೆನ್ಸಿನ ಪವರ್ ನಮ್ಮ ಅಳತೆ ಮೇಲೆ ನಿಂತಿರುತ್ತೆ. ಮರಗಟ್ಟಿಸೋ ಡ್ರಾಪ್ಸ್ ಹಾಕಿ ಪ್ರೋಬಿನ ತುದಿಯನ್ನ ಕರಿಗುಡ್ಡೆಗೆ ಮುಟ್ಟಿಸಬೇಕು. ಮುಟ್ಟಿಸಬೇಕು ಅಷ್ಟೇ, ಒತ್ತಬಾರದು. ಒತ್ತಿದರೆ ಕಣ್ಣಿನ ಉದ್ದ ಕಡಿಮೆ ತೋರಿಸುತ್ತೆ. 1 ಮಿ.ಮೀ. ತಪ್ಪಿದ್ರೆ ಪವರ್‌ನಲ್ಲಿ ಸುಮಾರು 2.5ರಿಂದ 3 ವ್ಯತ್ಯಾಸ. ಆಪರೇಷನ್ ಚೆನ್ನಾಗೇ ಆಗಿರುತ್ತೆ, ಆದರೂ ದೂರದ್ದು ಮಸುಕು. ಬೈಗುಳ ಮಾತ್ರ ಡಾಕ್ಟರಿಗೆ. ಅದಕ್ಕೇ ಅಳತೆ ಹೊಂದೋವರೆಗೂ ಮತ್ತೆ ಮತ್ತೆ ತಗೋತೀವಿ, ಹೊರಗೆ ಎಷ್ಟೇ ಗದ್ದಲ ಇದ್ರೂ.

ಕಣ್ಣು ಅರಳಿಸೋ ಹನಿಗೆ ಮುಂಚೆ ನೋಟ, ಕಣ್ಣೊಳಗಿನ ಒತ್ತಡ ಎರಡೂ ಬರ್ಕೋಬೇಕು. ಒತ್ತಡ 21 ದಾಟಿದ್ರೆ ಹನಿ ಹಾಕದೆ ಮೊದಲು ಡಾಕ್ಟರಿಗೆ ತೋರಿಸ್ತೀವಿ.

ನೆಲ್ಲು ಕೊಯ್ಲಿನ ಟೈಮಲ್ಲಿ ಬೇರೆಯದೇ ಕಥೆ. ಗರಿ ತಾಗಿದ, ಹೊಟ್ಟು ಬಿದ್ದ ಕಣ್ಣುಗಳು ಬರ್ತಾವೆ. ಅಷ್ಟರಲ್ಲಿ ಹರಳೆಣ್ಣೆ, ಎದೆಹಾಲು, ಮೆಡಿಕಲ್ ಶಾಪ್‌ನ ಸ್ಟೀರಾಯ್ಡ್ ಡ್ರಾಪ್ಸ್ ಎಲ್ಲಾ ಆಗಿರುತ್ತೆ. ಇಂಥ ಗಾಯ ಹುಣ್ಣಾಗಿ ಅದಕ್ಕೆ ಫಂಗಸ್ ಸೇರಿದ್ರೆ ಸ್ಟೀರಾಯ್ಡ್‌ನಿಂದ ಇನ್ನಷ್ಟು ಕೆಡುತ್ತೆ. ಕೆಂಪಗೆ ನೀರು ಸುರಿಯೋ ಕಣ್ಣಲ್ಲಿ ಬಿಳಿ ಚುಕ್ಕೆ ಕಂಡ್ರೆ ಸರದಿ ಬಿಟ್ಟು ನೇರ ಒಳಗೆ ಕಳಿಸಬೇಕು. ಬೆಂಚಿನವರ ಗೊಣಗಾಟ ಇದ್ದಿದ್ದೇ.

ಓದಿನ ವಿಷಯ: ಪ್ಯಾರಾಮೆಡಿಕಲ್ ಬೋರ್ಡಿನ ಆಫ್ತಾಲ್ಮಿಕ್ ಟೆಕ್ನಾಲಜಿ ಡಿಪ್ಲೊಮಾ ಒಂದು ದಾರಿ. ಬಿ.ಎಸ್ಸಿ. ಆಪ್ಟೊಮೆಟ್ರಿ (ದೃಷ್ಟಿ ಪರೀಕ್ಷೆ, ಕನ್ನಡಕದ ಡಿಗ್ರಿ) ಬೇರೆ, ಇಂಟರ್ನ್‌ಶಿಪ್ ಸೇರಿ 4 ವರ್ಷ. ಮನೇಲಿ ಶಕ್ತಿ ಇದ್ರೆ ಎರಡನೇದೇ ಓದಿಸಿ. ಡಿಪ್ಲೊಮಾ ಆದ್ರೆ, ಕೆಲಸಕ್ಕೆ ಸೇರೋ ಮುಂಚೆ ಒಂದು ಮಾತು ಕೇಳೋಕೆ ಹೇಳಿ: ಎ-ಸ್ಕ್ಯಾನ್ ಕೈಗೆ ಕೊಡ್ತಾರಾ, ಇಲ್ಲ ಚೀಟಿ ಬರೆಯೋಕೆ ಕೂರಿಸ್ತಾರಾ?