ಸ್ಕಿಜೋಫ್ರೇನಿಯಾ ಗುಣವಾಗುತ್ತದಾ? ಮಾತ್ರೆ ಯಾವಾಗ ನಿಲ್ಲಿಸಬಹುದು?

ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂದಿದ್ದಾರೆ, ಮಾತ್ರೆ ಎಷ್ಟು ದಿನ ಅಂತ ಕೇಳಿದ್ದೀರಿ. ಇದು ಗಾಳಿ ಸೋಕಿದ್ದಲ್ಲ, ಸಿನಿಮಾದಲ್ಲಿ ತೋರಿಸುವ ಎರಡು ವ್ಯಕ್ತಿತ್ವವೂ ಅಲ್ಲ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಏರುಪೇರಾಗುವುದಕ್ಕೂ ಇದಕ್ಕೂ ನಂಟಿದೆ. ಟಿವಿಯಲ್ಲಿ ವಾರ್ತೆ ಓದುವವರು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂತ ಕಾಯಿಲೆ ಇರುವವರಿಗೆ ಅನ್ನಿಸುತ್ತದೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತದೆ, ನಿಜವಾಗಿಯೂ ಕೇಳಿಸುತ್ತದೆ. ಹಾಗಾಗಿ "ಸುಮ್ನೆ ನಿನ್ನ ಭ್ರಮೆ" ಅಂತ ವಾದ ಮಾಡಬೇಡಿ.

ಸ್ನಾನ ಬಿಡುವುದು, ಕೋಣೆ ಸೇರಿಕೊಳ್ಳುವುದು ಕೂಡ ಕಾಯಿಲೆಯೇ. ಮನೆಯವರು ಇದನ್ನು ಸೋಮಾರಿತನ ಅಂದುಕೊಳ್ಳುವುದೇ ಜಾಸ್ತಿ.

ರಿಸ್ಪೆರಿಡೋನ್, ಒಲಾಂಜಪಿನ್‌ನಂಥ ಮಾತ್ರೆಗಳು ಪೂರ್ತಿ ಕೆಲಸ ಮಾಡಲು ಕೆಲವು ವಾರ ಬೇಕು. ತೂಕ ಏರಬಹುದು, ಸಕ್ಕರೆ ನೋಡಿಸುತ್ತಿರಿ. 2 ಔಷಧಿ ಸರಿಯಾಗಿ ಕೊಟ್ಟರೂ ಬಗ್ಗದಿದ್ದರೆ ಕ್ಲೋಜಪಿನ್ ಇದೆ. ಅದಕ್ಕೆ ಆಗಾಗ ರಕ್ತಪರೀಕ್ಷೆ ಕಡ್ಡಾಯ. ಮಾತ್ರೆ ಮರೆಯುವವರಿಗೆ ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ನೂ ಇದೆ.

"ಈಗ ಚೆನ್ನಾಗಿದ್ದಾನಲ್ಲ" ಅಂತ ನಿಲ್ಲಿಸುವುದೇ ದೊಡ್ಡ ಎಡವಟ್ಟು. ಮೊದಲ ಸಲವಾದರೆ ಸಾಮಾನ್ಯವಾಗಿ 1–2 ವರ್ಷವಾದರೂ ಬೇಕು. ಮರುಕಳಿಸಿದರೆ 5 ವರ್ಷ ಅಥವಾ ಇನ್ನೂ ಜಾಸ್ತಿ. ಕೆಲವರಿಗೆ ಜೀವನಪೂರ್ತಿ. ನಿಲ್ಲಿಸುವುದಾದರೂ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಪೂರ್ತಿ ಚೇತರಿಸಿಕೊಂಡವರಿದ್ದಾರೆ, ಮಾತ್ರೆ ನುಂಗುತ್ತಲೇ ಕೆಲಸಕ್ಕೆ ಹೋಗುವವರೂ ಇದ್ದಾರೆ.

ಬೆಂಗಳೂರಲ್ಲೇ ಇದ್ದೀರಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರವೇ ಅಲ್ವಾ? ಅಲ್ಲಿ ತುರ್ತು ಚಿಕಿತ್ಸೆ 24 ಗಂಟೆಯೂ ಸಿಗುತ್ತದೆ. ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.